ಹಗೇವಿಗೆ ಇಳಿಯದ ಬೀಜ

ಫೆಬ್ರವರಿಯ ಹಿಮಗಟ್ಟಿದ ಬೆಳಗು. ಕೊರಿಯರ್ ಹುಡುಗ
ಸಹಿ ಹಾಕಿಸಿಕೊಂಡು ಕೊಟ್ಟ ಪೆಟ್ಟಿಗೆಯೊಳಗೆ
ಒದ್ದೆ ಮರದ ಹೊಟ್ಟು, ಹೊಟ್ಟಿನೊಳಗೆ ಹನ್ನೆರಡು ಕಾಯಿ.
ಬುಗುರಿಯಷ್ಟು ದಪ್ಪ, ಬುಡಕ್ಕೊಂದು ಬಳೆಬಳೆಯ ಬಟ್ಟಲು.
ಕಲ್ಲೋ ಕಾಯೋ ಎಂದು ಉಗುರಿನಿಂದ ಕುಟ್ಟಿ ನೋಡಿದೆ.
ಸಸ್ಯಶಾಸ್ತ್ರದವರು ಇಟ್ಟ ಹೆಸರಿನ ಅರ್ಥವೂ ಅದೇ: ಕಲ್ಲುಕಾಯಿ.
ಚೀಟಿಯಲ್ಲಿ ಗಿಂಬಾದ್ ಎಂಬಾತ ಪೆನ್ಸಿಲಿನಲ್ಲಿ ಬರೆದಿದ್ದ:
'ಮೆಂಪೆನಿಂಗ್. ಸಬಾ. ಹೊಳೆದಂಡೆ. ಮಳೆ ಬರುತ್ತಿತ್ತು.
ಹಂದಿಗಳು ಬರುವ ಮೊದಲು ಸಿಕ್ಕಿದ್ದು ಇಷ್ಟೇ.'

ಇದು ಸಸೆಕ್ಸಿನ ಆರ್ಡಿಂಗ್‌ಲೈ. ಊರೆಂದರೆ
ಒಂದು ಚರ್ಚು, ಒಂದು ಪಬ್ಬು, ಬಂದರೆ ಬಂದ ಬಸ್ಸು;
ಊರಾಚೆ, ಲೋಕದ ಬೀಜಗಳನ್ನು ಮಲಗಿಸಿದ ನೆಲಮಾಳಿಗೆ.
ನಾನು ಅಲ್ಲಿ ಒಣಗಿಸುವ ಕೋಣೆಯವಳು.
ಬೀಜದ ಮೈಯ ನೀರನ್ನು ತೊಟ್ಟು ತೊಟ್ಟಾಗಿ ಕಳೆದು,
ಗಾಜಿನ ಶೀಶೆಗೆ ತುಂಬಿ, ಸೊನ್ನೆಗಿಂತ ಇಪ್ಪತ್ತು ಮೆಟ್ಟಿಲು ಕೆಳಗಿನ
ಚಳಿಗೆ ಒಪ್ಪಿಸುವುದು ಕೆಲಸ.
ನೀಲಿ ದಪ್ಪಂಗಿ ತೊಟ್ಟು ಇಳಿಯುವಾಗೆಲ್ಲ
ಗಜೇಂದ್ರಗಡದ ನಮ್ಮ ಹಗೇವು ನೆನಪಾಗುತ್ತದೆ:
ಬಾಯಿ ತೆರೆದು ಮೊದಲು ಕಂದೀಲು ಇಳಿಬಿಡುವರು,
ದೀಪ ಉಳಿದರೆ ಮನುಷ್ಯ ಇಳಿಯಬಹುದು.
ಇಲ್ಲಿ ಬೀಜವನ್ನೇ ಇಳಿಬಿಟ್ಟು ನೋಡುತ್ತೇವೆ,
ನಾಳೆ ಎಂಬುದರೊಳಗೆ ಗಾಳಿ ಇದೆಯೇ ಎಂದು.

ಜೋಳ ಒಪ್ಪುತ್ತದೆ. ಗಸಗಸೆ ಒಪ್ಪುತ್ತದೆ.
ಮರಳುಗಾಡಿನ ಮುಳ್ಳುಗಂಟಿಯಂತೂ
ಕರೆಯುವ ತನಕ ಕಾಯುತ್ತೇನೆ ಎನ್ನುತ್ತದೆ.
ಇದು ಒಪ್ಪಲಿಲ್ಲ.
ಮೂರನ್ನು ಪರೀಕ್ಷೆಗೆಂದು ಒಣಗಿಸಿದೆ. ಒಂಬತ್ತನೆಯ ದಿನ
ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ
ಗಿಟುಕು ಕೊಬ್ಬರಿಯ ಸದ್ದು: ಲೊಡ್, ಲೊಡ್.
ಕೊಬ್ಬರಿಗಾದರೆ ಅದು ಹದಕ್ಕೆ ಬಂದ ಸದ್ದು.
ಇದಕ್ಕೆ, ಸತ್ತ ಸದ್ದು.
ಸೀಳಿದೆ. ಹಾಲುಬಿಳಿ ಇರಬೇಕಾದಲ್ಲಿ ಹಳೇ ಹಲ್ಲಿನ ಬಣ್ಣ.
ಕಾಗದದಲ್ಲಿ ಬರೆದೆ: 'ಸಂಗ್ರಹಕ್ಕೆ ಯೋಗ್ಯವಲ್ಲ.'
ಬರೆದು, ಪೆನ್ನಿನ ಮುಚ್ಚಳ ಹಾಕದೆ ಸುಮ್ಮನೆ ಕೂತೆ.

ಕಿಟಕಿಯಾಚೆ ಅದರ ದಾಯಾದಿಗಳು:
ಬೋಳು ಓಕ್, ಒಣಗಿದ ಎಲೆಯನ್ನೂ ಬಿಟ್ಟುಕೊಡದ ಎಳೆಯ ಬೀಚ್,
ಬೇಲಿಯ ಹತ್ತಿರ ಚೆಸ್ಟ್‌ನಟ್. ಒಂದೇ ಮನೆತನ,
ಕಾಯಿಗೆ ಬಟ್ಟಲು ಕೊಟ್ಟು ಕಳಿಸುವ ಅದೇ ಪದ್ಧತಿ.
ಓಕಿನ ಕಾಯೂ ಒಣಗಿಸಿದರೆ ಸಾಯುತ್ತದೆ, ಅದು ವಂಶದ ಹಟ.
ಆದರೆ ಓಕಿಗೆ ಚಳಿ ಗೊತ್ತು, ಮಾರ್ಚ್ ತನಕ ತಡೆ ಎಂದರೆ ತಡೆಯುತ್ತದೆ.
ಇದಕ್ಕೆ ತಡೆ ಎಂಬ ಮಾತನ್ನೇ ಯಾರೂ ಕಲಿಸಿಲ್ಲ.
ಬಿದ್ದಲ್ಲಿ, ಒದ್ದೆಯಲ್ಲಿ, ಬೇರು ಬಿಡಬೇಕು;
ಇಲ್ಲವೇ ಹಂದಿಯ ಬಾಯಿ.

ಗಾಜಿನಮನೆಯ ಮಾವಿಸ್ ಪ್ರಾಟ್ಲಿಗೆ ಹೇಳಿದೆ.
ನಿವೃತ್ತಿಗೆ ಆರು ವಾರ ಇದ್ದವಳು. ಕೇಳಿದ್ದು ಇಷ್ಟೇ:
'ಉಳಿದ ಒಂಬತ್ತು ಎಲ್ಲಿ?'
ಎಂಟು ಕುಂಡಕ್ಕೆ ಹೋದವು, ಚೀಟಿ ಸಮೇತ, ನಿಯಮ ಸಮೇತ.
ಎಂಟಕ್ಕೂ ಬೂಷ್ಟು ಹಿಡಿಯಿತು.
ಒಂದು ಲೆಕ್ಕಕ್ಕೆ ಸಿಗಲಿಲ್ಲ.
ಪುಸ್ತಕದಲ್ಲಿ ಹನ್ನೆರಡನ್ನು ಹನ್ನೊಂದು ಎಂದು ತಿದ್ದಿದೆ.
ನನ್ನ ಪಾಲಿನ ಕಳ್ಳತನ ಅಷ್ಟು.

ಕ್ರಾಲಿಯ ಅವಳ ಮನೆಯಲ್ಲಿ, ಬಿಸಿನೀರಿನ ಟ್ಯಾಂಕಿನ ಬೀರುವಿನೊಳಗೆ,
ಟವೆಲುಗಳ ನಡುವೆ, ಸತ್ತ ಗಂಡನ ಉಣ್ಣೆಯ ಕಾಲುಚೀಲದಲ್ಲಿ
ಏಳು ತಿಂಗಳು ಕೂತಿತ್ತಂತೆ.
ದಿನವೂ ಚೀಲ ನೆನೆಸುತ್ತಿದ್ದಳಂತೆ. ಬಯ್ಯುತ್ತಲೂ ಇದ್ದಳಂತೆ.

ಇದೆಲ್ಲ ಆಗಿ ಒಂಬತ್ತು ವರ್ಷ.
ನಿನ್ನೆ ರಾತ್ರಿ ಫೋನು. ಗಿಡ ಈಗ ಬಚ್ಚಲುಮನೆಯ ತೊಟ್ಟಿಯ ಪಕ್ಕ,
ಬಕೆಟ್ಟಿನಲ್ಲಿ; ಎಲೆಯಡಿ ಕಂಚಿನ ಹೊಳಪು;
ಅವಳು ಮೀಯುವ ಹೊತ್ತು ಅದರ ಮಳೆಗಾಲ.
'ತುದಿ ಸೀಲಿಂಗಿಗೆ ತಾಗಿ ಬಾಗಿದೆ ಕಣೇ.
ಕತ್ತರಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೇನೆ.
ಎಷ್ಟೆತ್ತರ ಹೋಗುತ್ತದೆ ಅಂದಿದ್ದೆ ನೀನು?'

ನಲವತ್ತು ಮೀಟರ್, ಅಂದೆ.

ಆ ಕಡೆ ಮಾತಿಲ್ಲ. ಕತ್ತರಿ ಎಲ್ಲೋ ಇಟ್ಟ ಸದ್ದು.
ಆಮೇಲೆ ನಲ್ಲಿ ತಿರುಗಿಸಿದ್ದು,
ತುಂಬಾ ಹೊತ್ತು ನೀರು ಬೀಳುತ್ತಿದ್ದದ್ದು.